ಮುನ್ನೂರ ಹದಿನೇಳು

ಮೂರನೇ ಸಾಲಿನಲ್ಲಿ ಅತ್ತಿಗೆ ಕೂತಿದ್ದಳು. ನನ್ನ ಕೈಯಲ್ಲಿ ಅವಳ ಗಂಡನ ಗುಂಡಿಗೆ ಇತ್ತು.

ಗಾಜಿನ ಜಾಡಿ. ಮೇಲೆ ಹಸಿರು ಬಟ್ಟೆ ಮುಚ್ಚಿತ್ತು. ಒಳಗಿರುವುದು ಯಾರದು ಅಂತ ಆ ಸಭೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಅದನ್ನು ಎದೆಯಿಂದ ಬಿಡಿಸಿ ಜಾಡಿಗೆ ಹಾಕಿದವನು ನಾನೇ. ಡಾಕ್ಟರಿಗೆ ಅದು ಯಾರದಾದರೂ ಒಂದೇ. ಅತ್ತಿಗೆ ನನ್ನನ್ನು ನೋಡಿ ನಕ್ಕಳು. ಇಸ್ತ್ರಿ ಬಟ್ಟೆಯವರ ನಡುವೆ ಗುರುತಿನ ಮುಖ ಒಂದಾದರೂ ಇದೆಯಲ್ಲ ಅನ್ನುವ ನಗು. ನಾನೂ ಹಲ್ಲು ಕಿರಿದೆ.

ಆ ದಿನ ಕೊನೆಗೆ ನಾನೊಂದು ಮಾತು ಆಡಿದೆ. ಅದಕ್ಕೆ ಬೀದಿಯವರು ನನ್ನ ಬೆನ್ನು ತಟ್ಟಿದರು. ಈಗಲೂ ಕೆಲವರು ತಟ್ಟುತ್ತಾರೆ. ತಟ್ಟಬೇಡಿ. ಪೂರ್ತಿ ಕೇಳಿ, ಆಮೇಲೆ ಉಗಿಯಬೇಕು ಅನ್ನಿಸಿದರೆ ಉಗಿಯಿರಿ.

ನಾನು ಮೆಡಿಕಲ್ ಕಾಲೇಜಿನ ಹೆಣದ ಮನೆಯಲ್ಲಿ ಕೆಲಸ ಮಾಡುತ್ತಿದ್ದವನು. ಆ ದಿನಕ್ಕೆ ಹತ್ತೊಂಬತ್ತು ವರ್ಷ ಆಗಿತ್ತು. ಬೀದಿಯಲ್ಲಿ ನನ್ನ ಹೆಸರು ಕತ್ತರಿ. ಪೋಸ್ಟ್‌ಮಾರ್ಟಂ ಡಾಕ್ಟರು ಮಾಡುತ್ತಾರೆ ಅಂತ ನೀವು ನಂಬಿದ್ದರೆ ನಂಬಿಕೊಂಡಿರಿ, ಕಾಗದದಲ್ಲೂ ಹಾಗೇ ಬರೆದಿರುತ್ತದೆ. ಮಾಡುವವನು ನಾನು. ಗದ್ದದ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ಸೀಳುವವನು ನಾನು. ಪಕ್ಕೆಲುಬು ಕತ್ತರಿಸುವವನು ನಾನು. ಬುರುಡೆಗೆ ಗರಗಸ ಹಾಕುವವನು ನಾನು. ಡಾಕ್ಟರು ಬಾಗಿಲಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ನಿಂತು ಕೇಳುತ್ತಿದ್ದರು, “ಲಿವರು?” ನಾನು ಹೇಳುತ್ತಿದ್ದೆ, “ಊದಿದೆ ಸಾರ್.” “ಶ್ವಾಸಕೋಶ?” “ಕಪ್ಪಗಿದೆ ಸಾರ್.” ಬರೆದುಕೊಳ್ಳುತ್ತಿದ್ದರು. ಆಮೇಲೆ ಹೊಲಿಯುವವನೂ ನಾನೇ, ನೆಲ ತೊಳೆಯುವವನೂ ನಾನೇ.

ಬೆಳಿಗ್ಗೆ ಒಂದಿಷ್ಟು ಗಂಟಲಿಗೆ ಸುರಿದುಕೊಳ್ಳದೆ ಆ ಬಾಗಿಲು ದಾಟಲು ನನ್ನಿಂದ ಆಗುತ್ತಿರಲಿಲ್ಲ. ಯಾರಿಂದ ಆಗುತ್ತದೋ ಅವರು ಬಂದು ತೋರಿಸಲಿ. ಸಂಜೆ ಎಷ್ಟು ಉಜ್ಜಿದರೂ ಉಗುರಿನ ಸಂದಿಯಿಂದ ವಾಸನೆ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು. ಕಾಲು ಚಾಚಿಕೊಂಡು ಕೂರಬಹುದಿತ್ತು, ಅಷ್ಟು ಲಾಭ.

ಅತ್ತಿಗೆ ನನ್ನ ಒಡಹುಟ್ಟಿದವನ ಹೆಂಡತಿಯಲ್ಲ. ನಮ್ಮದೂ ಅವರದೂ ಒಂದೇ ಗೋಡೆಯ ಎರಡು ಮನೆ. ಅವಳ ಗಂಡ ಗೋದಾಮಿನಲ್ಲಿ ಹಮಾಲಿ. ಎಲ್ಲರಿಗೂ ಅವನು ಮೂಟೆ ಅಣ್ಣ, ನನಗೆ ಬರೀ ಅಣ್ಣ. ಅತ್ತಿಗೆಯೂ ಅದೇ ಗೋದಾಮಿನಲ್ಲಿ ಚೀಲದ ಬಾಯಿ ಹೊಲಿಯುವವಳು. ಹೊಲಿದ ಮೇಲೆ ಬಣ್ಣದಲ್ಲಿ ಕಡ್ಡಿ ಅದ್ದಿ ಚೀಲದ ಮೇಲೆ ನಂಬರು ಬರೆಯಬೇಕು. ಅವಳಿಗೆ ಅಕ್ಷರ ಬರುವುದಿಲ್ಲ. ಅಂಕಿ ಮಾತ್ರ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪುವುದಿಲ್ಲ.

ಅಣ್ಣ ಸತ್ತದ್ದು ಲಾರಿಗೆ ಹಾಕಿದ ಹಲಗೆಯ ಮೇಲೆ. ಬೆನ್ನ ಮೇಲೆ ಮೂಟೆ ಇತ್ತು. ಆ ದಿನದ ಎಷ್ಟನೆಯದೋ. ಮೊಣಕಾಲು ಮಡಚಿದ, ಮುಂದಕ್ಕೆ ಬಿದ್ದ, ಮೂಟೆ ಅವನ ಮೇಲೆ ಬಿತ್ತು. ಅದನ್ನು ಎತ್ತುವಷ್ಟರಲ್ಲಿ ಮುಗಿದಿತ್ತು. ಕೆಲಸದ ಜಾಗದಲ್ಲಿ ಸತ್ತದ್ದರಿಂದ ಕೊಯ್ಯಲೇಬೇಕು ಅಂತ ನನ್ನ ಟೇಬಲ್ಲಿಗೆ ತಂದರು. ಕಾಲಿನ ಹೆಬ್ಬೆರಳಿಗೆ ಚೀಟಿ ಕಟ್ಟಿದೆ. ಮುನ್ನೂರ ಹದಿನೇಳು. ಅದೇ ನಂಬರಿನ ಇನ್ನೊಂದು ಚೀಟಿ ಅತ್ತಿಗೆಯ ಕೈಗೆ. ಅದನ್ನು ತೋರಿಸಿದರೆ ಮಾತ್ರ ಹೆಣ ಕೊಡುತ್ತಾರೆ. ಡಾಕ್ಟರು ಯಾವುದೋ ಸಮ್ಮೇಳನಕ್ಕೆ ಹೋಗಿದ್ದರು. ಎರಡು ದಿನ ಅವಳು ಹೊರಗೆ ಮೆಟ್ಟಿಲ ಮೇಲೆ ಆ ಚೀಟಿ ಹಿಡಿದು ಕೂತಳು. ಕೈ ಬೆವರಿಗೆ ಕಾಗದ ಮೆತ್ತಗಾಗಿತ್ತು.

ಮೂರನೇ ದಿನ ಡಾಕ್ಟರು ಬಂದು ಬಾಗಿಲಲ್ಲಿ ನಿಂತರು. ನಾನು ಅಣ್ಣನನ್ನು ಸೀಳಿದೆ. ಹೇಗೆ ಸೀಳಿದೆ ಅಂತ ಕೇಳಬೇಡಿ. ಆ ದಿನ ಎಂದಿಗಿಂತ ಎರಡು ಪಾಲು ಕುಡಿದಿದ್ದೆ.

“ಹೊಟ್ಟೆ?”

“ಚಹಾ, ಬ್ರೆಡ್ಡು ಸಾರ್.”

“ಹೆಂಡದ ವಾಸನೆ?”

“ಇಲ್ಲ ಸಾರ್. ಇವರು ಅದನ್ನ ಮುಟ್ಟಿದೋರೇ ಅಲ್ಲ.”

“ನಿನಗೆ ಹೇಗಯ್ಯಾ ಗೊತ್ತಾಗುತ್ತೆ? ಇಲ್ಲಿವರೆಗೂ ನಿನ್ನ ವಾಸನೇನೇ ಬರ್ತಿದೆ.”

ನಕ್ಕರು. ನಾನೂ ನಕ್ಕೆ. ಅವರು ನಕ್ಕರೆ ನಾನು ನಗಬೇಕು, ಅದೂ ಕೆಲಸದಲ್ಲಿ ಸೇರಿತ್ತು. ಏನೋ ಬರೆದುಕೊಂಡರು. ಏನು ಅಂತ ಆಮೇಲೆ ಗೊತ್ತಾಯಿತು. ಕುಡಿತದಿಂದ ಕೆಟ್ಟ ಹೃದಯ ಅಂತ. ಹತ್ತಿರ ಬಂದು ನೋಡಲಿಲ್ಲ. ಏನನ್ನೂ ಪರೀಕ್ಷೆಗೆ ಕಳಿಸಲಿಲ್ಲ. ಹಮಾಲಿ ಅಂದಮೇಲೆ ಕುಡಿದೇ ಇರುತ್ತಾನೆ, ಅಷ್ಟೇ. ಗೋದಾಮಿನವರು ಆ ಕಾಗದ ಹಿಡಿದು, ಕುಡಿದು ಬಿದ್ದವನಿಗೆ ನಾವೇನು ಮಾಡೋಣ ಅಂತ ಕೈ ತೊಳೆದುಕೊಂಡರು.

ಅವರು ಬರೆಯುತ್ತಿರುವಾಗಲೇ ಗುಂಡಿಗೆ ನನ್ನ ಕೈಗೆ ಬಂತು. ಹತ್ತೊಂಬತ್ತು ವರ್ಷದಲ್ಲಿ ಅಷ್ಟು ದೊಡ್ಡದನ್ನು ನಾನು ಹಿಡಿದಿರಲಿಲ್ಲ. ಎರಡೂ ಕೈ ಬೇಕಾಯಿತು.

“ಎತ್ತು. ಬೆಳಕಿಗೆ ಹಿಡಿ” ಅಂದರು ಡಾಕ್ಟರು. “ಭಲೇ! ಜಾಡಿಗೆ ಹಾಕು. ಪಾಠಕ್ಕೆ ಬೇಕು.”

“ಸಾರ್, ಇವರು ನಮ್ಮ ಪಕ್ಕದ ಮನೆಯವರು.”

“ಹಾಗಾದ್ರೆ ಚೆನ್ನಾಗಿ ಹೊಲಿ.”

ಚೆನ್ನಾಗಿ ಹೊಲಿದೆ. ಹೊರಗೆ ಬಂದೆ. ಅತ್ತಿಗೆ ಎದ್ದು ನಿಂತಳು. ಎರಡು ದಿನ ಕೂತು ಕಾಲು ಜೋಮು ಹಿಡಿದಿತ್ತು, ಗೋಡೆ ಹಿಡಿದು ನಿಂತಳು.

“ಎಲ್ಲಾ ಇದ್ದ ಹಾಗೇ ಒಳಗೆ ಇಟ್ಟೆಯಾ ತಮ್ಮಾ?”

“ಎಲ್ಲಾ ಇದೆ ಅತ್ತಿಗೆ.”

ಅದು ಮೊದಲನೇ ಸುಳ್ಳು.

ಎರಡನೆಯದು ತಿಂಗಳು ಕಳೆದ ಮೇಲೆ. ಅವಳು ನಮ್ಮ ಬಾಗಿಲಿಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ. ಹೊಸ್ತಿಲ ಆಚೆ ನಿಂತೇ ಕೇಳಿದಳು. “ನಿಜ ಹೇಳು. ನನಗೆ ಗೊತ್ತಿಲ್ಲದ ಹಾಗೆ ಕದ್ದು ಕುಡೀತಿದ್ದರಾ? ಅಷ್ಟು ಓದಿದ ಡಾಕ್ಟರು ಸುಮ್ಮಸುಮ್ಮನೆ ಬರೀತಾರಾ? ಹದಿನೆಂಟು ವರ್ಷ ಪಕ್ಕದಲ್ಲಿ ಮಲಗಿದೀನಿ, ನನ್ನ ಮೂಗಿಗೇ ಗೊತ್ತಾಗಲಿಲ್ಲವಾ?”

“ನನಗೇನು ಗೊತ್ತು ಅತ್ತಿಗೆ” ಅಂದೆ.

ಗೊತ್ತಿತ್ತು ಅಂದರೆ ಡಾಕ್ಟರ ವಿರುದ್ಧ ಸಾಕ್ಷಿ ಹೇಳಿದ ಹಾಗೆ. ನನ್ನ ಕೆಲಸ ಖಾಯಂ ಆಗಿರಲಿಲ್ಲ. ನನಗೂ ಹೆಂಡತಿ ಮಕ್ಕಳಿದ್ದಾರೆ. ಲೋಕದ ಹೇಡಿಗಳೆಲ್ಲ ಹೇಳುವ ಮಾತು ಇದೇ, ನಾನೂ ಹೇಳಿಕೊಂಡೆ. ಆ ದಿನದಿಂದ ಅವಳು ಸತ್ತ ಗಂಡನನ್ನು ಅನುಮಾನಿಸತೊಡಗಿದಳು. ಪಾತ್ರೆ ತೊಳೆಯುತ್ತಾ ಅವನನ್ನು ಬೈಯುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. “ನನಗೆ ಹೇಳದೆ ಕುಡಿದೆಯಲ್ಲೋ, ಹಾಳಾದವನೇ.” ನಾನು ಈಚೆ ಕೂತು ಊಟ ಮಾಡುತ್ತಿದ್ದೆ. ಊಟ ಸೇರುತ್ತಿತ್ತು ಕೂಡಾ.

ಎಂಟು ತಿಂಗಳು ದಿನಾ ಕಾಲೇಜಿನ ಜಾಡಿಗಳ ಕಪಾಟಿನ ಮುಂದೆ ಓಡಾಡಿದೆ. ಅಣ್ಣನ ಜಾಡಿ ಎರಡನೇ ಹಲಗೆಯ ಮೇಲಿತ್ತು. ದೂಳು ಒರೆಸುವಾಗ ಅದನ್ನು ಬಿಟ್ಟು ಉಳಿದವನ್ನು ಒರೆಸುತ್ತಿದ್ದೆ.

ನಮ್ಮ ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ತಿಂಗಳಿಗೊಂದು ಶನಿವಾರ ನಾಲ್ಕು ಗಂಟೆಗೆ ‘ಎಲ್ಲರಿಗೂ ವಿಜ್ಞಾನ’ ಅಂತ ಭಾಷಣ ಇಟ್ಟುಕೊಳ್ಳುತ್ತಾರೆ. ಟಿಕೆಟ್ಟಿಲ್ಲ. ಯಾರು ಬೇಕಾದರೂ ಬರಬಹುದು, ಏನು ಬೇಕಾದರೂ ಕೇಳಬಹುದು ಅಂತ ಬಾಗಿಲಿಗೆ ಅಂಟಿಸಿದ್ದಾರೆ. ಸೊಳ್ಳೆ ಆಗಿದೆ, ಭೂಕಂಪ ಆಗಿದೆ, ಚಂದ್ರ ಆಗಿದೆ. ಕಾಲೇಜಿನಿಂದ ಪೆಟ್ಟಿಗೆ ಹೊತ್ತು ತರುವುದು, ಪರದೆ ಕಟ್ಟುವುದು, ಸ್ವಿಚ್ಚಿನ ಹತ್ತಿರ ನಿಂತು ಲೈಟು ಆರಿಸುವುದು ನನ್ನ ಪಾಲಾಗಿತ್ತು. ಗ್ರಂಥಾಲಯದ ಮೇಡಂ ಬಂದವರಿಗೆಲ್ಲ ಕುರ್ಚಿ ತೋರಿಸುತ್ತಿದ್ದರು, ನನಗೆ ಸ್ವಿಚ್ಚು ತೋರಿಸುತ್ತಿದ್ದರು. ನಾನು ಒಳಗೆ ಬಂದ ಮೇಲೆ ಒಂದು ಕಿಟಕಿಯನ್ನೂ ತೆರೆಯುತ್ತಿದ್ದರು. ಮಾತಿನಲ್ಲಿ ಮಾತ್ರ ಬಹಳ ಮರ್ಯಾದೆ.

ಅಣ್ಣನ ಮಗಳು ಹತ್ತನೇ ಕ್ಲಾಸು. ಒಂದು ಭಾಷಣವನ್ನೂ ಬಿಟ್ಟವಳಲ್ಲ. ಮುಂದೆ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ, ಮನೆಗೆ ಬಂದು ಅಮ್ಮನಿಗೆ ಓದಿ ಹೇಳುತ್ತಾಳೆ. ಭೂಕಂಪ ಯಾಕಾಗುತ್ತದೆ ಅಂತ ಗೋಡೆಯಾಚೆಯಿಂದ ನಾನೂ ಕಲಿತದ್ದು ಹಾಗೇ. ಈ ಸಲದ ವಿಷಯ ಹೃದಯ ಅಂತ ನೋಡಿ ಅಮ್ಮನನ್ನು ಎಳೆದುಕೊಂಡು ಬಂದಿದ್ದಳು. ಅಪ್ಪನಿಗೆ ಏನಾಯಿತು ಅಂತ ಆ ಸರನ್ನೇ ಕೇಳೋಣ ಬಾ ಅಂತ. ಆ ಸರ್ ನಮ್ಮ ಡಾಕ್ಟರೇ, ಅಪ್ಪನ ಕಾಗದ ಬರೆದವರೂ ಅವರೇ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ.

ಹಿಂದಿನ ದಿನ ಡಾಕ್ಟರು “ಆ ದೊಡ್ಡದನ್ನ ತಗೊಂಡು ಬಾ” ಅಂದಿದ್ದರು. ಬೇರೆ ಜಾಡಿ ತರಬಹುದಿತ್ತು. ಅದೂ ಹೊಳೆಯಿತು. ಜನರ ಮುಂದೆ ಬೈಸಿಕೊಳ್ಳಲು ಧೈರ್ಯ ಬರಲಿಲ್ಲ. ಬೀದಿಯವರು ಯಾಕೆ ಬರುತ್ತಾರೆ, ಬಂದರೂ ಗುಂಡಿಗೆಗೇನು ಮುಖ ಇರುತ್ತದಾ ಅಂತ ನನಗೆ ನಾನೇ ಹೇಳಿಕೊಂಡೆ. ಜಾಡಿಯನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಕಾಲೇಜಿನಿಂದ ನಡೆದೇ ಬಂದೆ. ಒಂದೊಂದು ಹೆಜ್ಜೆಗೂ ಒಳಗಿನ ಫಾರ್ಮಲಿನ್ ನೀರು ಅಲುಗುವುದು ತಲೆಗೆ ಗೊತ್ತಾಗುತ್ತಿತ್ತು.

ಒಂದು ಮರೆತಿದ್ದೆ. ಜಾಡಿಯ ಮೇಲೆ ನಂಬರು ಇರುತ್ತದೆ. ಹೆಬ್ಬೆರಳ ಚೀಟಿಯ ನಂಬರನ್ನೇ ಜಾಡಿಗೂ ಅಂಟಿಸುವುದು ನಮ್ಮಲ್ಲಿ ರೂಢಿ. ಕಪಾಟಿನಲ್ಲಿ ನಲವತ್ತು ಜಾಡಿ, ನಲವತ್ತಕ್ಕೂ ನಂಬರು. ಹೊರಗಿನವರು ಅದನ್ನು ಓದಬಹುದು ಅನ್ನುವ ಯೋಚನೆ ಇಷ್ಟು ವರ್ಷದಲ್ಲಿ ಬಂದೇ ಇರಲಿಲ್ಲ. ಸತ್ತವರ ಮನೆಯವರು ಯಾವತ್ತೂ ಕಪಾಟಿನ ಕೋಣೆಗೆ ಬಂದವರಲ್ಲ. ಮೂರನೇ ಸಾಲಿನಲ್ಲಿ ಅತ್ತಿಗೆಯನ್ನು ಕಂಡಾಗ ನೆನಪಾಯಿತು. ಹಸಿರು ಬಟ್ಟೆಯ ಅಡಿಗೆ ಕೈ ಹಾಕಿ ಚೀಟಿಯನ್ನು ಉಗುರಿನಿಂದ ಕೆರೆದೆ. ಗೋಂದು ಬಿಡಲಿಲ್ಲ. ಚೀಟಿ ಗೋಡೆಯ ಕಡೆಗೆ ಬರುವ ಹಾಗೆ ಜಾಡಿಯನ್ನು ಮೇಜಿನ ಮೇಲಿಟ್ಟು ಸ್ವಿಚ್ಚಿನ ಹತ್ತಿರ ಹೋಗಿ ನಿಂತೆ.

ಡಾಕ್ಟರು ಚೆನ್ನಾಗಿ ಮಾತಾಡುತ್ತಾರೆ. ಗುಂಡಿಗೆ ಅಂದರೆ ಒಂದು ಪಂಪು, ದಿನಕ್ಕೆ ಒಂದು ಲಕ್ಷ ಸಲ ಬಡಿಯುತ್ತದೆ ಅಂದರು. ಜನ ತಮ್ಮ ತಮ್ಮ ಎದೆ ಮುಟ್ಟಿ ನೋಡಿಕೊಂಡರು. ಉಪ್ಪು ಕಡಿಮೆ ತಿನ್ನಿ ಅಂದರು. ದಿನಾ ನಲವತ್ತು ನಿಮಿಷ ನಡೆಯಿರಿ ಅಂದರು. ಹಿಂದಿನ ಸಾಲಿನಲ್ಲಿ ಗೋದಾಮಿನ ಹಮಾಲಿಗಳು ಐದಾರು ಮಂದಿ ಇದ್ದರು. ಶನಿವಾರ ಅರ್ಧ ದಿನ ಕೆಲಸ, ಇಲ್ಲಿ ಫ್ಯಾನು ಇದೆ ಅಂತ ಬಂದವರು.

“ಮೂಟೆ ಹೊತ್ಕೊಂಡು ನಡೆದರೆ ಲೆಕ್ಕಕ್ಕೆ ಬರುತ್ತಾ ಕೇಳೋ” ಅಂದ ಒಬ್ಬ.

“ಹೋಗುವಾಗಿಂದು ಬರುತ್ತೆ. ವಾಪಸ್ ಖಾಲಿ ಬರ್ತೀಯಲ್ಲ, ಅದನ್ನ ಹಿಡಿಯಲ್ಲ” ಅಂದ ಇನ್ನೊಬ್ಬ.

ಮೇಡಂ ತಿರುಗಿ ನೋಡಿ ತುಟಿಗೆ ಬೆರಳಿಟ್ಟರು. ಅತ್ತಿಗೆಗೂ ನಗು ಬಂತು. ಅಣ್ಣ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಆ ದಿನವೇ.

ಆಮೇಲೆ ಡಾಕ್ಟರು ಹಸಿರು ಬಟ್ಟೆ ತೆಗೆದರು. ಕುರ್ಚಿಗಳು ಕಿರುಗುಟ್ಟಿದವು, ಎಲ್ಲರೂ ಕತ್ತು ಉದ್ದ ಮಾಡಿದರು. ಬಿಳಿಚಿಕೊಂಡು, ದಾರದಲ್ಲಿ ನೇತಾಡುತ್ತಾ ಇತ್ತು ಅದು. ನಾನು ನೆಲ ನೋಡಿದೆ.

“ಈ ಕೈಯಲ್ಲಿ ನಾನು ಸಾವಿರಾರು ಹೃದಯ ಬಿಡಿಸಿದೀನಿ.” ಕೈ ಎತ್ತಿ ತೋರಿಸಿದರು. ಬೆಳ್ಳಗಿನ ಕೈ, ಒಂದು ಉಂಗುರ. “ಇಂಥದ್ದು ಬಹಳ ಅಪರೂಪ. ಒಬ್ಬ ಮೂಟೆ ಹೊರುವವನದು. ವಯಸ್ಸು ನಲವತ್ತಾರು. ಹೃದಯ ಇರಬೇಕಾದ್ದು ನಿಮ್ಮ ಮುಷ್ಟಿಯಷ್ಟು. ಇದನ್ನ ನೋಡಿ. ಯಾಕೆ ಹೀಗಾಯ್ತು? ಕುಡಿತ. ಈ ಜನ ದಿನವಿಡೀ ದುಡೀತಾರೆ, ಸಂಜೆ ಎಲ್ಲಾ ಗ್ಲಾಸಿಗೆ ಸುರೀತಾರೆ. ಮನೆಯವರ ಯೋಚನೆ ಇರಲ್ಲ. ಕೊನೆಗೆ ಹೀಗೆ ಜಾಡಿಯಲ್ಲಿ ಕೂತು ನಮಗೆಲ್ಲ ಬುದ್ಧಿ ಹೇಳ್ತಾರೆ.”

ಜನ ಚಪ್ಪಾಳೆ ತಟ್ಟಿದರು. ಹಮಾಲಿಗಳು ತಟ್ಟಲಿಲ್ಲ.

ಆ ಸಭೆಯಲ್ಲಿ ಕುಡುಕ ಅಂತ ಒಬ್ಬನಿದ್ದರೆ ಅವನು ಸ್ವಿಚ್ಚಿನ ಹತ್ತಿರ ನಿಂತಿದ್ದ. ಅಣ್ಣ ನನ್ನ ಕೈಯಿಂದ ಬಾಟ್ಲಿ ಕಿತ್ತು ಚರಂಡಿಗೆ ಸುರಿದು, ಹೆಂಡತಿಗೆ ಯಾವ ಮುಖ ತೋರಿಸ್ತೀಯೋ ಅಂತ ಬೈದವನು. ಅವನ ಗುಂಡಿಗೆಯನ್ನು ತಲೆಯ ಮೇಲೆ ಹೊತ್ತು ತಂದು, ಮೇಜಿನ ಮೇಲಿಟ್ಟು, ಅವನ ಹೆಂಡತಿಯ ಮುಂದೆಯೇ ಕುಡುಕ ಅನ್ನಿಸಿದೆ. ಆದರೂ ಬಾಯಿ ಬಿಡಲಿಲ್ಲ.

ಮಗಳು ಎದ್ದು ನಿಂತಳು. “ಸರ್, ಕುಡಿಯದೇ ಇರೋರಿಗೆ ಹೀಗೆ ಆಗಲ್ವಾ? ಭಾರ ಹೊತ್ತೂ ಹೊತ್ತೂ ತೋಳು ದಪ್ಪ ಆಗುತ್ತಲ್ಲ, ಹಾಗೆ ಹೃದಯಾನೂ ಆಗಲ್ವಾ?”

“ಒಳ್ಳೆ ಪ್ರಶ್ನೆ. ರಕ್ತದ ಒತ್ತಡದಿಂದ ಆಗಬಹುದು. ಬೇರೆ ಬೇರೆ ಕಾರಣ ಇರುತ್ತೆ. ಆದರೆ ಇದು ಅದಲ್ಲ.”

“ಅದಲ್ಲ ಅಂತ ಹೇಗೆ ಗೊತ್ತಾಯ್ತು ಸರ್?”

“ನಾನೇ ಕಣ್ಣಾರೆ ನೋಡಿದೀನಲ್ಲ ಮರಿ. ಅನುಭವ ಅಂತ ಒಂದಿರುತ್ತೆ.”

ಬಾಗಿಲಿನಿಂದ ನೋಡಿದ ಅನುಭವ. ಹುಡುಗಿ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

“ಬನ್ನಿ, ಹತ್ತಿರ ಬಂದು ನೋಡಿ, ಹೆದರಬೇಡಿ” ಅಂತ ಡಾಕ್ಟರು ಕರೆದರು. ಸೀಳಿದ ಭಾಗ ಜನರಿಗೆ ಕಾಣಲಿ ಅಂತ ಕರವಸ್ತ್ರದಲ್ಲಿ ಮುಚ್ಚಳ ಹಿಡಿದು ಜಾಡಿಯನ್ನು ತಿರುಗಿಸಿದರು. ಚೀಟಿ ಈ ಕಡೆಗೆ ಬಂತು.

ಜನ ಸಾಲು ಹಿಡಿದು ಬಂದರು. ನೋಡಿದರು, ಮುಖ ಕಿವುಚಿದರು, ಹೋದರು. ಅತ್ತಿಗೆಯ ಸರದಿ ಬಂತು. ಮೊದಲು ಗುಂಡಿಗೆ ನೋಡಿದಳು. ಅಯ್ಯೋ ಪಾಪ ಅಂದಳು, ಯಾರದೋ ಅಂದುಕೊಂಡು. ಆಮೇಲೆ ಅವಳ ಕಣ್ಣು ಚೀಟಿಯ ಮೇಲೆ ಹೋಯಿತು. ಅಂಕಿ ಕಂಡಲ್ಲಿ ಓದುವುದು ಅವಳಿಗೆ ಅಭ್ಯಾಸ. ತುಟಿ ಅಲುಗಿತು. ಮೂರು. ಒಂದು. ಏಳು. ಒಂದು ಸಲ ಓದಿದಳು. ಬೆರಳಿಟ್ಟು ಇನ್ನೊಂದು ಸಲ ಓದಿದಳು. ಹಿಂದಿನವರು “ಮುಂದೆ ನಡೀರಮ್ಮ” ಅಂದರು. ಅವಳು ನಡೆಯಲಿಲ್ಲ.

“ತಮ್ಮಾ. ಇದು ನಮ್ಮ ನಂಬರು.”

ನಾನು ಹತ್ತಿರ ಬಂದೆ. ದನಿ ತಗ್ಗಿಸಿದೆ. “ಪ್ರತಿ ವರ್ಷ ನಂಬರು ಒಂದರಿಂದ ಶುರು ಆಗುತ್ತೆ ಅತ್ತಿಗೆ. ಇದು ಯಾವುದೋ ಹಳೇದು. ನೀನು ನಡಿ.”

ಮೂರನೇ ಸುಳ್ಳು. ಅಣ್ಣನ ಜಾಡಿಗೆ ಕೈ ಊರಿ ನಿಂತು ಹೇಳಿದೆ.

“ಅಮ್ಮಾ” ಅಂದಳು ಮಗಳು ಹಿಂದಿನಿಂದ. “ಅಪ್ಪನಿಗೂ ನಲವತ್ತಾರೇ. ಅಪ್ಪಾನೂ ಮೂಟೇನೇ ಹೊರ್ತಿದ್ದದ್ದು.”

ಅತ್ತಿಗೆ ಕೂಗಲಿಲ್ಲ. ಕೂಗಿದ್ದರೆ, ನನ್ನ ಕಪಾಳಕ್ಕೆ ಹೊಡೆದಿದ್ದರೆ ನನಗೆ ಸುಲಭವಾಗುತ್ತಿತ್ತು. “ನನ್ನ ಮುಖ ನೋಡಿ ಹೇಳು” ಅಂದಳು. ನೋಡಿದೆ. ಎರಡು ದಿನ ಮೆಟ್ಟಿಲ ಮೇಲೆ ಕೂತಿದ್ದ ಅದೇ ಮುಖ.

“ಅಣ್ಣಂದೇ ಅತ್ತಿಗೆ.”

ಸಾಲು ಚದುರಿತು. ಡಾಕ್ಟರು “ಏನದು, ಏನು ಗಲಾಟೆ?” ಅಂತ ಬಂದರು. ಮೇಡಂ ಡಾಕ್ಟರ ಕಿವಿಯಲ್ಲಿ ಏನೋ ಹೇಳಿದರು. ಡಾಕ್ಟರ ಮುಖ ಒಂದು ಗಳಿಗೆ ಕಪ್ಪಿಟ್ಟಿತು, ಆಮೇಲೆ ಭಾಷಣದ ದನಿ ವಾಪಸ್ ಬಂತು. “ನೋಡಮ್ಮ, ಸತ್ತ ಮೇಲೆ ಅದು ಬರೀ ಮಾಂಸ. ನಿನ್ನ ಗಂಡನಿಂದ ಇಷ್ಟು ಜನ ಕಲಿತರು. ನೀನು ಹೆಮ್ಮೆ ಪಡಬೇಕು.”

“ಬೇಕಿದ್ದರೆ ಕೇಳಬೇಕಿತ್ತು” ಅಂದಳು ಅತ್ತಿಗೆ. “ಎರಡು ದಿನ ನಿಮ್ಮ ಬಾಗಿಲಲ್ಲೇ ಕೂತಿದ್ದೆ, ಎಲ್ಲೂ ಹೋಗಿರಲಿಲ್ಲ. ಅವರು ಕೇಳಿದವರಿಗೆ ಇಲ್ಲ ಅಂದೋರಲ್ಲ. ನಾನೂ ಕೊಡ್ತಿದ್ದೆನೋ ಏನೋ. ಕದ್ದುಕೊಂಡು ಹೋಗಿ, ಮೇಲೆ ಕುಡುಕ ಅಂತ ಬೇರೆ ಅಂತೀರಲ್ಲ.”

“ಕದಿಯೋದು ಗಿದಿಯೋದು ಅಂತೆಲ್ಲ ಮಾತಾಡಬೇಡ. ಇದು ಕಾಲೇಜಿನ ಆಸ್ತಿ.”

ಹಿಂದಿನ ಸಾಲಿನವರು ಎದ್ದು ನಿಂತಿದ್ದರು. ಅವರಲ್ಲೊಬ್ಬ, ಅಣ್ಣನ ಜೊತೆ ಇಪ್ಪತ್ತು ವರ್ಷ ಹೊತ್ತವನು, ಅಲ್ಲಿಂದಲೇ ಕೇಳಿದ. “ಬದುಕಿದ್ದಾಗ ಗೋದಾಮಿನ ಆಸ್ತಿ. ಸತ್ತ ಮೇಲೆ ನಿಮ್ಮದಾ? ಆ ಮನುಷ್ಯ ತನ್ನ ಪಾಡಿಗೆ ತಾನು ಯಾವಾಗ ಆಗಿದ್ದ ಹೇಳಿ ಸ್ವಾಮಿ.”

ಅತ್ತಿಗೆ ಜಾಡಿಯನ್ನು ಎರಡೂ ತೋಳಿನಲ್ಲಿ ತಬ್ಬಿ ಮೇಜಿನಿಂದ ಎತ್ತಿದಳು. ಭಾರವಿತ್ತು. ಅವಳಿಗೆ ಭಾರ ಹೊಸದಲ್ಲ.

ಡಾಕ್ಟರು ನನ್ನ ಕಡೆ ತಿರುಗಿದರು. “ಏ, ನಿಂತು ಏನು ನೋಡ್ತೀಯ? ಬಿಡಿಸ್ಕೋ ಅದನ್ನ.”

ಆ ದನಿ ಹೇಳಿದ್ದನ್ನು ನಾನು ಒಂದು ಸಲವೂ ಮೀರಿದವನಲ್ಲ. ನನ್ನ ಕಾಲು ಒಂದು ಹೆಜ್ಜೆ ಮುಂದೆ ಹೋಯಿತು. ಬೆನ್ನು ತಟ್ಟುವವರಿಗೆ ಇದು ಗೊತ್ತಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಕಾಲು ಅವಳ ಕಡೆಗೆ ಹೋಯಿತು, ಕೈಯೂ ಎದ್ದಿತು. ಅವಳು ಜಾಡಿಯನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ಸರಿದಳು. ಡಾಕ್ಟರಿಗೆ ಹೆದರದವಳು ನನಗೆ ಹೆದರಿ ಸರಿದಳು. ಅದನ್ನು ಕಂಡ ಮೇಲೆ ನಿಂತೆ.

“ಆಗಲ್ಲ ಸಾರ್.”

“ಏನಂದೆ?”

“ಆಗಲ್ಲ ಅಂದೆ. ನೀವೇ ಬಿಡಿಸ್ಕೊಳ್ಳಿ. ಸಾವಿರಾರು ಬಿಡಿಸಿದ ಕೈಯಲ್ಲವಾ?”

ಒಂದು ಸಲ ಬಾಯಿ ಬಿಟ್ಟ ಮೇಲೆ ಮುಚ್ಚಲು ಬರಲಿಲ್ಲ. ಜನರ ಕಡೆಗೆ ತಿರುಗಿದೆ. “ಇವರು ಒಂದನ್ನೂ ಬಿಡಿಸಿಲ್ಲ. ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿರ್ತಾರೆ. ಕೊಯ್ದವನು ನಾನು. ಹೊಟ್ಟೆಯಲ್ಲಿ ಚಹಾ ಬ್ರೆಡ್ಡು ಬಿಟ್ಟರೆ ಏನೂ ಇರಲಿಲ್ಲ. ವಾಸನೆ ಬರ್ತಿದ್ದದ್ದು ನನ್ನ ಬಾಯಿಂದ. ಅದನ್ನ ಇವರು ಅಣ್ಣನ ಹೆಸರಿಗೆ ಬರೆದರು.”

ಡಾಕ್ಟರ ಕೈ ಜಾಡಿಯ ಕಡೆಗೆ ಬಂತು. ಮುಚ್ಚಳದ ಸಂದಿಯಿಂದ ನೀರು ಸೋರಿ ಗಾಜು ಒದ್ದೆಯಾಗಿತ್ತು. ಕೈ ಅಲ್ಲೇ ನಿಂತು ಜೇಬಿಗೆ ಹೋಯಿತು.

“ನಾಳೆಯಿಂದ ಬರಬೇಡ” ಅಂದರು ನನಗೆ. “ಪೊಲೀಸಿಗೆ ಹೇಳ್ತೀನಿ” ಅಂದರು ಅತ್ತಿಗೆಗೆ.

“ಹೇಳಿ” ಅಂದಳು. “ಏನು ಕಳವಾಯ್ತು ಅಂತ ಬರೆಸ್ತೀರಿ, ಅದನ್ನೂ ಹೇಳಿ.” ಮೆಟ್ಟಿಲು ಇಳಿದಳು.

ಹಮಾಲಿಗಳು ದಾರಿ ಮಾಡಿಕೊಟ್ಟರು. ನನ್ನ ಬೆನ್ನು ತಟ್ಟಿದ್ದು ಆಗ, ಆ ಮೆಟ್ಟಿಲ ಮೇಲೆ. “ಭೇಷ್ ಕತ್ತರಿ, ಇವತ್ತು ಸರಿಯಾಗಿ ಕೊಯ್ದೆ” ಅಂದ ಒಬ್ಬ. ಹಿತವಾಯಿತು. ಎಂಟು ತಿಂಗಳ ಕೊಳೆ ನಾಲ್ಕು ಮಾತಿನಲ್ಲಿ ತೊಳೆದುಹೋಯಿತು ಅನ್ನಿಸಿತು. ನಾಚಿಕೆಗೆಟ್ಟವನಿಗೆ ಅಷ್ಟು ಬೇಗ ಹಾಗೆ ಅನ್ನಿಸಿಬಿಡುತ್ತದೆ ನೋಡಿ.

ಅತ್ತಿಗೆ ಮನೆಗೆ ಹೋಗಿ ಅಣ್ಣನ ಒಂದು ಅಂಗಿ ತಂದಳು. ನಾವು ಮೂವರೇ ಸ್ಮಶಾನಕ್ಕೆ ನಡೆದೆವು. ಇನ್ನೂ ಬಿಸಿಲಿತ್ತು. ಜಾಡಿಯನ್ನು ನಾನು ಹೊರುತ್ತೇನೆ ಅಂದೆ, ಕೊಡಲಿಲ್ಲ. ಮಗಳಿಗೂ ಕೊಡಲಿಲ್ಲ. ನಾನು ಹಿಂದೆ ಹಿಂದೆ ನಡೆದೆ. ಕಾವಲುಗಾರ ಏನು ಎತ್ತ ಅಂತ ಕೇಳಿದ. ಮಗಳು ಜಾಡಿ ತೋರಿಸಿ “ಅಪ್ಪ” ಅಂದಳು. ಅವನು ಸುಮ್ಮನೆ ಗುದ್ದಲಿ ಕೊಟ್ಟ.

ಅಣ್ಣನ ಮಣ್ಣು ಕುಸಿದು ತಗ್ಗಾಗಿತ್ತು, ಹುಲ್ಲು ಬೆಳೆದಿತ್ತು. ತಲೆ ಯಾವ ಕಡೆ ಅಂತ ನನಗೆ ನೆನಪಿತ್ತು. ಎದೆಯ ನೇರಕ್ಕೆ, ಪಕ್ಕದಲ್ಲಿ ಅಗೆದೆ. ನೆಲ ಗಟ್ಟಿಯಿತ್ತು. ಅಂಗೈಯಲ್ಲಿ ಗುಳ್ಳೆ ಎದ್ದವು. ಕತ್ತರಿ ಹಿಡಿಯುವ ಕೈಗೆ ಗುದ್ದಲಿ ಒಗ್ಗುವುದಿಲ್ಲ. ಮೊಣಕಾಲುದ್ದ ಆಳವಾದ ಮೇಲೆ ಸಾಕು ಅಂದಳು ಅತ್ತಿಗೆ.

ಜಾಡಿಯ ಮುಚ್ಚಳ ತೆಗೆದೆ. ವಾಸನೆಗೆ ಮೂವರ ಕಣ್ಣಲ್ಲೂ ನೀರು ಬಂತು. ಕೈ ಉರಿಯುತ್ತದೆ, ನಾನೇ ತೆಗೆಯುತ್ತೇನೆ ಅಂದೆ. ಅವಳು ಅಂಗಿಯನ್ನು ನೆಲದ ಮೇಲೆ ಹಾಸಿ, ಮಡಿಕೆ ಬಿಡಿಸಿ, ಗುಂಡಿ ಬಿಚ್ಚಿಟ್ಟು ಕಾದಳು. ಗುಂಡಿಗೆಯನ್ನು ಅದರ ಮೇಲೆ ಇಟ್ಟೆ. ಅವಳು ಅಂಗಿಯ ಎರಡೂ ಮಗ್ಗುಲು ಎಳೆದು ಮುಚ್ಚಿ, ತೋಳುಗಳನ್ನು ಸುತ್ತಿದಳು. ಗಂಟು ಹಾಕುತ್ತಿದ್ದ ಕೈ ನಡುವೆ ನಿಂತಿತು.

“ಇಷ್ಟು ದೊಡ್ಡದು ತೆಗೆದ ಮೇಲೆ ಒಳಗೆ ಖಾಲಿ ಇರುತ್ತಲ್ಲ” ಅಂದಳು. “ಅವತ್ತು ಅವರ ಎದೆ ಮೇಲೆ ತಲೆ ಇಟ್ಟು ಅತ್ತಿದ್ದೆ. ತಗ್ಗು ಇರಲಿಲ್ಲ. ತುಂಬಿದ ಹಾಗೇ ಇತ್ತು. ಅಲ್ಲಿ ಏನಿಟ್ಟಿದ್ದೆ?”

“ಬಟ್ಟೆ.”

“ಯಾವ ಬಟ್ಟೆ?”

“ನೆಲ ಒರೆಸೋದು ಅತ್ತಿಗೆ.”

ಮಗಳು ಎದ್ದು ಆ ಕಡೆ ತಿರುಗಿ ನಿಂತಳು. ಅತ್ತಿಗೆ ಗಂಟು ಬಿಗಿ ಮಾಡಿದಳು. ಅಂಗಿಯ ಮೇಲೆ ಬಿದ್ದಿದ್ದ ಮಣ್ಣನ್ನು ಬೆರಳಿನಿಂದ ಒಂದೊಂದಾಗಿ ತೆಗೆದಳು. ಬಹಳ ಹೊತ್ತು ತೆಗೆದಳು. ತಲೆ ಎತ್ತದೆ ಕೇಳಿದಳು.

“ಒಗೆದಿತ್ತಾ?”

ಒಗೆದಿತ್ತು ಅನ್ನಬಹುದಿತ್ತು. ಅಷ್ಟಾದರೂ ಅವಳಿಗೆ ಸಮಾಧಾನ ಆಗುತ್ತಿತ್ತು. ಮಣ್ಣಿನ ಕೆಳಗಿರುವುದನ್ನು ಯಾರೂ ಅಗೆದು ನೋಡುತ್ತಿರಲಿಲ್ಲ.

“ಇಲ್ಲ” ಅಂದೆ.